ಎರಡು ಗಂಟೆಯ ಕೂಗಿಗೆ ಮೊದಲು ಉಂಡ ಊಟ

೧೯೩೮ನೇ ಇಸವಿ, ನವೆಂಬರ್ ತಿಂಗಳ ಒಂದು ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ. ಸ್ಥಳ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸಗಾರರ ಮನೆಸಾಲುಗಳಾದ ಲೈನುಗಳ ಪಕ್ಕದ ಪ್ರೈಮರಿ ಶಾಲೆ. ಹಾಜರಿದ್ದವರು: ಒಂದನೇ ತರಗತಿಯ ಉಪಾಧ್ಯಾಯಿನಿಯಾದ ನಾನು, ನನ್ನ ತರಗತಿಯ ಮಕ್ಕಳು, ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದ ಕೆಂಪಮ್ಮ, ಅವಳ ಮಗಳು ಆರು ವರ್ಷದ ನಾಗರತ್ನ. ಜವಾನ ಇಮಾಂ ಸಾಬರು ಜುಮ್ಮಾ ನಮಾಜಿಗೆ ಹೋಗಿದ್ದರಿಂದ ಊಟದ ಗಂಟೆಯನ್ನು ನಾನೇ ಹೊಡೆದೆ. ಹೆಡ್‌ಮೇಷ್ಟ್ರು ತಮ್ಮ ಕೋಣೆಯಲ್ಲಿದ್ದರು.

ಆ ಹೊತ್ತು ಆಗಬೇಕಾಗಿದ್ದ ಕೆಲಸ ಹೇಳುವುದಕ್ಕೆ ಸಣ್ಣದು. ಗಂಡ ಕಾರ್ಖಾನೆಯಿಂದ ಬರುವ ಮೊದಲೇ ಕೆಂಪಮ್ಮ ಮಗಳ ಎದುರಿಗೆ ಕೂತು ಊಟ ಮಾಡಬೇಕಾಗಿತ್ತು. ಮಾಡದಿದ್ದರೆ ನಾಗರತ್ನ ಶಾಲೆ ಬಿಟ್ಟ ಹಾಗೆಯೇ. ಒಬ್ಬ ಹೆಂಗಸು ಒಂದು ರೊಟ್ಟಿ ತಿನ್ನುವುದಕ್ಕೂ ಒಂದು ಮಗುವಿನ ಓದಿಗೂ ಏನು ಸಂಬಂಧ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈಗ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರುವ ಹುಡುಗಿಯರು ಕೆಲವರು ಶಿವಮೊಗ್ಗದ ರವೀಂದ್ರನಗರದ ನನ್ನ ಮನೆಗೆ ಬರುತ್ತಾರೆ. ಯಾವ ಶಾಲೆಯಲ್ಲಿ ಎಷ್ಟು ವರ್ಷ ಇದ್ದೆ, ಯಾವಾಗ ಬಡ್ತಿಯಾಯಿತು ಎಂಬುದು ಅವರಿಗೂ ಬೇಡ, ನನಗೂ ಬೇಡ. ಅವರು ಕೇಳುವುದು ಒಂದೇ: “ಅಳೋ ಮಗೂನ ಸುಮ್ಮನಿರಿಸೋದು ಹೇಗೆ ಅಮ್ಮಾ?” ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. ಮೊದಲು ಮಗುವನ್ನು ಕರೆತಂದವರನ್ನು ನೋಡಿ. ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಾರೆ ನೋಡಿ. ಬಿಟ್ಟು ಹೋಗುವಾಗ ಎಷ್ಟು ಸಲ ತಿರುಗಿ ನೋಡುತ್ತಾರೆ ನೋಡಿ. ಮಗುವನ್ನು ಆಮೇಲೆ ನೋಡಿದರೆ ಸಾಕು.

ಇದನ್ನು ನನಗೆ ಕಲಿಸಿದವರು ಶಿವಮೊಗ್ಗದಲ್ಲಿ ನನ್ನ ಮೊದಲ ಹೆಡ್‌ಮಿಸ್ಟ್ರೆಸ್ ಮೇರಿಯಮ್ಮನವರು. ಇಪ್ಪತ್ತರ ದಶಕ. ನಾನು ಮೈಸೂರಿನಲ್ಲಿ ಓದು ಮುಗಿಸಿ ಬಂದ ಹೊಸಬಳು. ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಚುಚ್ಚುವ ಸರ್ಕಾರದ ಆಳು ಶಾಲೆಗೆ ಬರುತ್ತಿದ್ದ. ಜನ ಅದನ್ನು ದೇವಿ ಹಾಕುವುದು ಎನ್ನುತ್ತಿದ್ದರು. ಆ ದಿನ ತಾಯಂದಿರಿಗೂ ಒಳಗೆ ಬರಲು ಅಪ್ಪಣೆ ಇತ್ತು. ನಾನು ಅವನ ಪಕ್ಕ ನಿಂತು ಸೂಜಿಯನ್ನೇ ನೋಡುತ್ತಿದ್ದೆ. ಮೇರಿಯಮ್ಮನವರು ನನ್ನ ಮೊಣಕೈ ತಟ್ಟಿದರು.

“ಸೂಜೀಲಿ ಏನು ನೋಡ್ತೀಯಾ? ಅದು ಎಲ್ಲರಿಗೂ ಚುಚ್ಚೋದು ಒಂದೇ ಥರ. ತಾಯಂದಿರ ಕಡೆ ನೋಡು.”

ನೋಡಿದೆ. ಒಬ್ಬಾಕೆ ಮಗನ ಮುಖದ ಮೇಲೆ ಸೆರಗು ಮುಚ್ಚಿ, “ನೋಡ್ಬೇಡ ಕಂದಾ, ನೋಡ್ಬೇಡ” ಎಂದಳು. ಅಷ್ಟು ಹೊತ್ತು ಬೆಲ್ಲ ನೆಕ್ಕುತ್ತ ನಿಂತಿದ್ದ ಹುಡುಗ, ಸೂಜಿ ಇನ್ನೂ ಮೊಳದಾಚೆ ಇರುವಾಗಲೇ ಕಿರುಚಿದ. ಅವನ ಹಿಂದೆ ದರ್ಜಿಯೊಬ್ಬರ ಹೆಂಡತಿ ಮಗಳನ್ನು ಎತ್ತಿಕೊಂಡಿದ್ದಳು. “ನೋಡು ಬೇಟಾ, ಚುಚ್ತಾರೆ. ಉರಿಯುತ್ತೆ. ಆಮೇಲೆ ಮನೆಗೆ ಹೋಗೋದು” ಎಂದಳು. ಹುಡುಗಿ ನೋಡಿದಳು, ಚುಚ್ಚಿದಾಗ ಅತ್ತಳು, ಬಾಗಿಲು ದಾಟುವಷ್ಟರಲ್ಲಿ ಸುಮ್ಮನಾದಳು. ಇಬ್ಬರಿಗೂ ಆದ ನೋವು ಅಷ್ಟೇ.

ಹಾಗೆಂದು ಇದನ್ನು ಲೆಕ್ಕದ ಸೂತ್ರ ಮಾಡಿಕೊಳ್ಳಬೇಡಿ. ಅದೇ ಶಿವಮೊಗ್ಗದಲ್ಲಿ ಅಡಿಕೆ ಮಂಡಿಯ ಗುಮಾಸ್ತರೊಬ್ಬರ ಹೆಂಡತಿಗೆ ಗುಡುಗೆಂದರೆ ಜೀವ ಹೋದಷ್ಟು ಭಯ. ಮೂವರು ಮಕ್ಕಳು. ಗುಡುಗಿದರೆ ದೊಡ್ಡವನು ತಾಯಿಯ ಜೊತೆ ಮಂಚದ ಕೆಳಗೆ. ಎರಡನೆಯವಳು ಎರಡು ಕಿವಿಗೂ ಹತ್ತಿ ತುರುಕಿಕೊಂಡು ಮೂಲೆಯಲ್ಲಿ. ಮೂರನೆಯದು ಮಾತ್ರ ಅಂಗಳಕ್ಕೆ ಓಡಿ, ಚಪ್ಪಾಳೆ ತಟ್ಟಿ, “ಇನ್ನೊಂದ್ಸಲ!” ಎಂದು ಆಕಾಶಕ್ಕೆ ಅಪ್ಪಣೆ ಮಾಡುತ್ತಿತ್ತು. “ಅದನ್ನ ಯಾರಾದ್ರೂ ಹಿಡೀರಿ ಮಾರಾಯ್ರೇ!” ಎಂದು ತಾಯಿ ಮಂಚದ ಕೆಳಗಿನಿಂದಲೇ ಕೂಗುತ್ತಿದ್ದಳು. ಹೆದರುವ ತಾಯಿತಂದೆಯ ಮಕ್ಕಳಿಗೆ ಹೆದರಿಕೆ ಬೇಗ ಅಂಟುತ್ತದೆ. ಎಲ್ಲರಿಗೂ ಅಂಟಿಯೇ ತೀರುತ್ತದೆ ಎಂದಿಲ್ಲ. ಅಂಟಿದ್ದು ಬಿಡುವುದೇ ಇಲ್ಲ ಎಂದೂ ಇಲ್ಲ. ಈ ಎರಡು ಮಾತು ನೆನಪಿದ್ದರೆ ನೀವು ತಾಯಂದಿರನ್ನು ಬೈಯುವುದಿಲ್ಲ, ಕೈಚೆಲ್ಲಿಯೂ ಕೂರುವುದಿಲ್ಲ.

ಮುಂದೆ ನನ್ನನ್ನು ಭದ್ರಾವತಿಗೆ ವರ್ಗ ಮಾಡಿದರು. ಆ ಊರಿನ ದಿನಚರಿ ಕಾರ್ಖಾನೆಯ ಕೂಗಿನದು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಪಾಳಿ ಬದಲಾಗುವಾಗ ಕಾರ್ಖಾನೆ ಉದ್ದಕ್ಕೆ ಕೂಗುತ್ತಿತ್ತು. ನನ್ನಂಥವಳಿಗೆ ಅದು ಹಿತವೇ ಆಗಿತ್ತು. ಗಡಿಯಾರವಿಲ್ಲದ ಮನೆಯ ಮಗುವೂ ಶಾಲೆಗೆ ತಡವಾಗಿ ಬರುತ್ತಿರಲಿಲ್ಲ. ಆದರೆ ಇನ್ನೊಂದು ಕೂಗಿತ್ತು. ಹೊತ್ತಲ್ಲದ ಹೊತ್ತಿನಲ್ಲಿ, ಚಿಕ್ಕದಾಗಿ, ಬಿಟ್ಟುಬಿಟ್ಟು ಕೂಗಿದರೆ ಒಳಗೆ ಯಾರಿಗೋ ಏಟಾಗಿದೆ ಎಂದು ಅರ್ಥ. ಆಗ ಲೈನುಗಳ ಹೆಂಗಸರೆಲ್ಲ ಒಲೆಯ ಮೇಲಿನ ಪಾತ್ರೆ ಬಿಟ್ಟು ಕಾರ್ಖಾನೆಯ ಗೇಟಿಗೆ ಓಡುತ್ತಿದ್ದರು. ಅವರವರ ಗಂಡ ನಡೆದು ಬರುವುದು ಕಂಡ ಮೇಲೆ ಒಬ್ಬೊಬ್ಬರಾಗಿ ಹಿಂತಿರುಗುತ್ತಿದ್ದರು.

೧೯೩೮ರ ಜೂನ್ ತಿಂಗಳಲ್ಲಿ ನಾಗರತ್ನ ಶಾಲೆಗೆ ಸೇರಿದಳು. ತಂದೆ ತಿಮ್ಮಪ್ಪ ಶಿವಮೊಗ್ಗದ ಹತ್ತಿರದ ನವುಲೆಯ ಒಕ್ಕಲು ಮನೆಯವನು. ಹೊಲ ಅಣ್ಣಂದಿರಿಗೆ ಬಿಟ್ಟು ಬಂದು ಕುಲುಮೆಯ ಹತ್ತಿರ ಕೆಲಸ ಹಿಡಿದಿದ್ದ. ತಾಯಿ ಕೆಂಪಮ್ಮ ಮಗಳ ಕೈ ಬಿಡಲಿಲ್ಲ. ಮೊದಲ ದಿನ ಹೆಡ್‌ಮೇಷ್ಟ್ರು ಕೋಣೆಯಿಂದ ಹೊರಬಂದು, “ಏನಮ್ಮಾ, ಇದು ಸ್ಕೂಲೋ ಛತ್ರವೋ? ತಾಯೀನ ಆಚೆ ಕಳಿಸಿ ಬಾಗಿಲು ಹಾಕಿ. ಅರ್ಧ ಗಂಟೆ ಅಳುತ್ತೆ, ಆಮೇಲೆ ಸರಿಹೋಗುತ್ತೆ” ಎಂದರು. ಆ ಕಾಲದ ಕ್ರಮ ಅದೇ. ನಾನೂ ಹಾಗೆಯೇ ಕಲಿತವಳು, ಎಷ್ಟೋ ಮಕ್ಕಳ ವಿಷಯದಲ್ಲಿ ಅದು ನಡೆದೂ ಇತ್ತು. ಬಾಗಿಲು ಹಾಕಿದೆವು. ಒಳಗೆ ಮಗು ಅತ್ತು ಅತ್ತು ವಾಂತಿ ಮಾಡಿಕೊಂಡಿತು. ಹೊರಗೆ ತಾಯಿ ಬಾಗಿಲು ಬಡಿಯುತ್ತಿದ್ದಳು. ಆ ವಾರವೆಲ್ಲ ಇಬ್ಬರೂ ಇತ್ತ ತಲೆ ಹಾಕಲಿಲ್ಲ.

ಇಮಾಂ ಸಾಬರು ಗಂಟೆ ಹೊಡೆಯುವ ಸುತ್ತಿಗೆ ಒರೆಸುತ್ತ ನನಗೊಂದು ಮಾತು ಹೇಳಿದರು. “ಅಮ್ಮಾ, ಹೊರಗೆ ಬಡಿಯೋ ಸದ್ದು ಕೇಳಿ ಒಳಗಿನದು ಅಳ್ತು. ಒಳಗೆ ಅಳೋದು ಕೇಳಿ ಹೊರಗಿನದು ಬಡೀತು. ಮಧ್ಯದಲ್ಲಿ ಬಾಗಿಲು ಪಾಪ ಏನು ಮಾಡುತ್ತೆ?”

ನಾನೇ ಹೋಗಿ ಅವರನ್ನು ಕರೆತಂದೆ. ಹೆಡ್‌ಮೇಷ್ಟ್ರನ್ನು ಬೇಡಿಕೊಂಡು, ತಾಯಿಗೆ ಬಾಗಿಲ ಒಳಗೇ ಕೂರಲು ಅಪ್ಪಣೆ ಪಡೆದೆ. ಆಮೇಲೆ ಹೊಸ್ತಿಲ ಆಚೆಗೆ, ಆಮೇಲೆ ಜಗುಲಿಯ ಕಂಬದ ಹತ್ತಿರಕ್ಕೆ ಅವಳನ್ನು ದೂರ ಮಾಡುತ್ತ ಹೋದೆ. ದಸರಾ ರಜೆಯ ಹೊತ್ತಿಗೆ ಕಂಬ ಮುಟ್ಟಿದ್ದಳು. ಅಲ್ಲಿಗೆ ನಿಂತುಹೋಯಿತು. ಕಂಬದಿಂದ ಮೆಟ್ಟಿಲಿಗೆ ಸರಿಸಿದರೆ ಮಗು ಎದ್ದು ಓಡುತ್ತಿತ್ತು. ಯಾಕೆಂದು ನನಗೆ ತಿಳಿಯಲಿಲ್ಲ.

ತಿಳಿದದ್ದು ಊಟದ ಡಬ್ಬಿಯಿಂದ. ಒಂದು ಗಂಟೆಗೆ ಮಕ್ಕಳೆಲ್ಲ ಜಗುಲಿಯ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದರು. ನಾಗರತ್ನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಎರಡರ ಕೂಗು ಆಗಿ, ಬೇಲಿಯ ಆಚೆ ಅಪ್ಪ ನಡೆದುಹೋಗುವುದು ಕಂಡ ಮೇಲೆ, ಪಾಠದ ಮಧ್ಯದಲ್ಲಿ ಮುಚ್ಚಳ ತೆಗೆಯುತ್ತಿದ್ದಳು. ಹೊಟ್ಟೆ ಕೆಟ್ಟಿದೆಯೇನೋ ಎಂದು ನಾನು ಓಮದ ನೀರು ಕುಡಿಸಿದೆ. ಆದರೆ ತಿಮ್ಮಪ್ಪನಿಗೆ ರಾತ್ರಿ ಪಾಳಿ ಬಂದ ವಾರ, ಅವನು ಹಗಲು ಮನೆಯಲ್ಲಿ ಮಲಗಿರುವಾಗ, ಅದೇ ಹುಡುಗಿ ಒಂದು ಗಂಟೆಗೇ ಉಂಡು, ಊಟಕ್ಕೆ ಪಕ್ಕದಲ್ಲಿ ಕೂರುವ ಸಹಪಾಠಿ ಸೆಲ್ವಿಯ ಡಬ್ಬಿಗೂ ಕೈಹಾಕಿ ಆಡುತ್ತಿದ್ದಳು. ಹೊಟ್ಟೆಯ ದೋಷ ಪಾಳಿ ನೋಡಿಕೊಂಡು ಬರುವುದಿಲ್ಲ.

ತಾಯಿಯ ಕಡೆ ತಿರುಗಿ ನೋಡಿದೆ. ಗಂಡನಿಗೆ ಬೆಳಗಿನ ಪಾಳಿಯಿದ್ದ ವಾರ ಅವಳೂ ಉಣ್ಣುತ್ತಿರಲಿಲ್ಲ. ಗಂಡ ಉಂಡ ಮೇಲೆ ಉಣ್ಣುವುದು ನಮ್ಮಲ್ಲಿ ಹಳೆಯ ಪದ್ಧತಿ. ಹಾಗಾಗಿ ಲೈನಿನ ಹೆಂಗಸರಿಗೆ ಇದು ಕೊರತೆಯಾಗಿ ಕಾಣಲೇ ಇಲ್ಲ. “ಅಪ್ಪ ಬರೋಗಂಟ ಅನ್ನ ಮುಟ್ಟಲ್ವಂತೆ! ಇಷ್ಟು ಚಿಕ್ಕ ವಯಸ್ಸಿಗೇ ಎಂಥಾ ಗರತಿ!” ಎಂದು ಮಗುವಿನ ಗಲ್ಲ ಸವರಿ ಹೊಗಳುತ್ತಿದ್ದರು. ಕೆಂಪಮ್ಮ ಹೆಮ್ಮೆಯಿಂದ ತಲೆ ತಗ್ಗಿಸುತ್ತಿದ್ದಳು. ಹೆದರಿಕೆಗೆ ಭಕ್ತಿಯ ಸೀರೆ ಉಡಿಸಿದ್ದರಿಂದ ಅದು ಯಾರ ಗುರುತಿಗೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಇನ್‌ಸ್ಪೆಕ್ಟರು ಸೋಮವಾರ ಬರುತ್ತಾರೆಂದು ಸುದ್ದಿ ಬಂತು. ಹೆಡ್‌ಮೇಷ್ಟ್ರು ನನ್ನನ್ನು ಕರೆದರು. “ಐದು ತಿಂಗಳು ನಿಮ್ಮ ಮಾತು ಕೇಳಿದ್ದೇನೆ. ಸೋಮವಾರ ಜಗುಲಿ ಖಾಲಿ ಇರಬೇಕು. ಮಗು ತಾನೇ ಕೂರೋದಾದ್ರೆ ಕೂರಲಿ, ಇಲ್ಲದಿದ್ರೆ ಹೆಸರು ತೆಗೆದುಬಿಡಿ.” ಅವರ ಮೇಲೆ ನನಗೆ ಕೋಪವಿಲ್ಲ. ಅವರು ಕಾದದ್ದೇ ಹೆಚ್ಚು.

ಬುಧವಾರ ಸಂಜೆ ಲೈನಿನ ಮನೆಗೆ ಹೋದೆ. ಒಂದು ಕೋಣೆ, ಒಂದು ಅಡುಗೆಮನೆ. ತಿಮ್ಮಪ್ಪ ಬಾಗಿಲಲ್ಲಿ ಕೂತು ಬೀಡಿ ಹಚ್ಚುತ್ತಿದ್ದವನು ಎದ್ದು ನಿಂತ. ಕೆಂಪಮ್ಮ ಚಾಪೆ ಹಾಸಿದಳು. ನಾನು ನೇರವಾಗಿ ವಿಷಯಕ್ಕೆ ಬಂದೆ.

“ಮಧ್ಯಾಹ್ನ ಯಾಕೆ ಉಣ್ಣಲ್ಲ ಕೆಂಪಮ್ಮ?”

“ಅವರು ಬೆಂಕಿ ಮುಂದೆ ನಿಂತಿರ್ತಾರೆ. ನಾನಿಲ್ಲಿ ಹೆಂಗೆ ಉಣ್ಲಿ ಮೇಷ್ಟ್ರಮ್ಮ? ಗಂಟಲಲ್ಲಿ ಇಳಿಯಲ್ಲ.”

“ಮಗೂಗೂ ಇಳಿಯಲ್ಲ.”

“ಅದಕ್ಕೆ ಅಪ್ಪ ಅಂದ್ರೆ ಅಷ್ಟು ಜೀವ.”

ತಿಮ್ಮಪ್ಪ ಬೀಡಿ ಆರಿಸಿದ. “ನಾನೇನು ಉಣ್ಬೇಡಿ ಅಂದಿದೀನಾ? ಬರೋ ಹೊತ್ತಿಗೆ ತಾಯಿ ಮಗಳು ಇಬ್ರೂ ಮುಖ ಬಾಡಿಸ್ಕಂಡು ಕೂತಿರ್ತಾರೆ. ಕುಲುಮೆ ಬೆಂಕಿ ತಡೀಬೋದು, ಇದನ್ನ ತಡಿಯಾಕಾಗಲ್ಲ ಮೇಷ್ಟ್ರಮ್ಮ.”

“ಇವರೂ ಕಮ್ಮಿ ಇಲ್ಲ” ಎಂದಳು ಕೆಂಪಮ್ಮ. “ಮೊನ್ನೆ ತೋಳೆಲ್ಲ ಬೊಬ್ಬೆ. ಏನು ಅಂತ ಕೇಳಿದ್ರೆ ಸೊಳ್ಳೆ ಕಚ್ತು ಅಂತಾರೆ! ಇಷ್ಟಗಲ ಸೊಳ್ಳೆ!”

ನನಗೆ ನಗು ಬಂತು. ಅವರೂ ನಕ್ಕರು. ನಗು ನಿಂತಾಗ ಮೂಲೆಯಿಂದ ಸಣ್ಣ ದನಿ ಕೇಳಿಸಿತು. ನಾಗರತ್ನ ನಮಗೆ ಬೆನ್ನು ಹಾಕಿ ಬಟ್ಟೆಯ ಗೊಂಬೆಯೊಂದಿಗೆ ಆಡುತ್ತಿದ್ದಳು. ಗೊಂಬೆಯ ಮುಂದೆ ಒಂದು ಎಲೆ, ಎಲೆಯ ಮೇಲೆ ಹಿಡಿ ಮಣ್ಣಿನ ಅನ್ನ.

“ಇನ್ನೂ ಕೂಗಿಲ್ಲ, ಸುಮ್ನಿರು” ಎಂದು ಗೊಂಬೆಗೆ ಗದರಿಸಿದಳು. “ಕೂಗಿದ ಮೇಲೆ ಉಣ್ಬೇಕು. ಅಪ್ಪ ಬರ್ದೇ ಇದ್ರೆ? ಬರ್ದೇ ಇದ್ರೆ ನಿಂಗೆ ಅನ್ನ ಇಲ್ಲ.”

ಎಲೆಯನ್ನು ಗೊಂಬೆಯ ಮುಂದಿನಿಂದ ದೂರ ಎಳೆದಳು.

ಕೆಂಪಮ್ಮನ ಮುಖದಲ್ಲಿದ್ದ ಹೆಮ್ಮೆ ಹೋಯಿತು. ಆಮೇಲೆ ಮೆಲ್ಲಗೆ ಹೇಳಿದಳು: “ನಮ್ಮವ್ವನೂ ಹಿಂಗೇ. ಅಪ್ಪಯ್ಯ ಗಾಡಿ ಕಟ್ಕಂಡು ಪೇಟೆಗೆ ಹೋದ್ರೆ ಬರೋಗಂಟ ಒಲೆ ಹಚ್ತಿರ್ಲಿಲ್ಲ. ನಾವು ಮಕ್ಕಳು ಹಸಿದು ಬಾಗಿಲಲ್ಲಿ ಕೂರ್ತಿದ್ವಿ. ಗಾಡಿ ಗಂಟೆ ಸದ್ದು ಕೇಳಿದ್ರೆ ಉಸಿರು ಬರ್ತಿತ್ತು.”

ತಿಮ್ಮಪ್ಪನ ತೀರ್ಮಾನ ಆಗಲೇ ಆಗಿತ್ತು. ಶನಿವಾರದೊಳಗೆ ಮಗಳು ಶಾಲೆಯಲ್ಲಿ ಕೂರದಿದ್ದರೆ ಇಬ್ಬರನ್ನೂ ನವುಲೆಯ ಪಕ್ಕದಲ್ಲೇ ಇದ್ದ ಕೆಂಪಮ್ಮನ ತವರುಮನೆಗೆ ಬಿಟ್ಟು ಬರುತ್ತಾನೆ. “ಅಲ್ಲಿ ಕೂಗಾದ್ರೂ ಕೇಳಲ್ಲ. ಓದಿಲ್ಲ ಅಂದ್ರೆ ಎಮ್ಮೆ ಕಾಯ್ತಾಳೆ.” ಒಲೆ ಹಚ್ಚದೆ ಕಾಯುತ್ತಿದ್ದ ಮನೆಗೇ ಮಗುವನ್ನು ಕಳಿಸುವ ಮಾತು. ಕೆಂಪಮ್ಮನಿಗೂ ಅದು ಹೊಳೆದಿರಬೇಕು. ತಲೆಯೆತ್ತಿ ನನ್ನನ್ನು ನೋಡಿದಳು.

ನಾನು ಎರಡು ಕೆಲಸ ಹೇಳಿದೆ. ತಿಮ್ಮಪ್ಪ ಸೊಳ್ಳೆಯ ಕಥೆ ಬಿಡಬೇಕು. ಎಲ್ಲಿ ನಿಲ್ಲುತ್ತೇನೆ, ಏನು ಹೊದೆಯುತ್ತೇನೆ, ಕಿಡಿ ಹಾರಿದರೆ ಏನು ಮಾಡುತ್ತೇನೆ ಎಂದು ಮಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಕೆಂಪಮ್ಮ ಒಂದು ಗಂಟೆಗೆ ಮಗಳ ಎದುರಿಗೆ ಉಣ್ಣಬೇಕು. “ಹೆದ್ರಿಕೆ ಬಿಡು ಅಂತ ಹೇಳ್ತಾ ಇಲ್ಲ. ಹೆದ್ರಿಕೆ ಇಟ್ಕೊಂಡೇ ಉಣ್ಣು” ಎಂದೆ.

“ಉಣ್ತೀನಿ” ಎಂದಳು.

ಗುರುವಾರ ಉಣ್ಣಲಿಲ್ಲ. ಡಬ್ಬಿ ತೆಗೆದು, ರೊಟ್ಟಿ ಮುರಿದು, ರಸ್ತೆಯ ಕಡೆ ನೋಡಿ, ಮತ್ತೆ ಮುಚ್ಚಿದಳು. ಮಗಳೂ ಮುಚ್ಚಿದಳು. ಶನಿವಾರ ಅರ್ಧ ದಿನದ ಶಾಲೆ, ಊಟದ ಬಿಡುವಿಲ್ಲ. ಹೀಗಾಗಿ ಉಳಿದದ್ದು ಶುಕ್ರವಾರ ಒಂದೇ.

ಅಂದು ಗಂಟೆ ಹೊಡೆದು ಬಂದು ಮಕ್ಕಳ ಸಾಲಿನ ಕೊನೆಯಲ್ಲಿ ನಿಂತೆ. ಕೆಂಪಮ್ಮ ಡಬ್ಬಿ ತೆಗೆದಳು. ಅಕ್ಕಿ ರೊಟ್ಟಿ, ಹುರುಳಿ ಚಟ್ನಿ. ಎದುರಿಗೆ ನಾಗರತ್ನ ತನ್ನ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ತಾಯಿಯನ್ನೇ ನೋಡುತ್ತಿದ್ದಳು. ಕೆಂಪಮ್ಮ ರೊಟ್ಟಿ ಮುರಿದು ಚಟ್ನಿಗೆ ಒತ್ತಿದಳು. ನಾಗರತ್ನ ಮುಚ್ಚಳ ತೆಗೆದಳು.

ಕಾರ್ಖಾನೆ ಕೂಗಿತು.

ಎರಡರ ಕೂಗಲ್ಲ. ಚಿಕ್ಕದು. ನಿಂತಿತು, ಮತ್ತೆ ಕೂಗಿತು, ಮತ್ತೆ ನಿಂತಿತು.

ರಸ್ತೆಯಲ್ಲಿ ಬಾಗಿಲುಗಳ ಸದ್ದು, ಓಡುವ ಕಾಲುಗಳ ಸದ್ದು. ಬೇಲಿಯ ಆಚೆಯಿಂದ ಒಬ್ಬಳು ಕಿರುಚಿದಳು: “ಕೆಂಪೀ! ಕೇಳಿಸ್ಲಿಲ್ವೇನೇ? ಕೂತಿದೀಯಲ್ಲೇ ಮಾರಾಯ್ತಿ, ಬಾರೇ!”

ಜಗುಲಿಯ ಮೇಲಿನ ಮಕ್ಕಳೆಲ್ಲ ಒಟ್ಟಿಗೆ ತಲೆಯೆತ್ತಿ ನೋಡಿದ್ದು ನನ್ನ ಮುಖವನ್ನು. ಕೆಲಸಕ್ಕೆ ಹೊಸದಾಗಿ ಸೇರುವವರು ಇದನ್ನು ತಿಳಿದಿರಬೇಕು. ತಾಯಿ ಇಲ್ಲದ ಹೊತ್ತಿನಲ್ಲಿ ಆ ಮುಖ ನಿಮ್ಮದು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. “ಕಾರ್ಖಾನೇಲಿ ಯಾರಿಗೋ ಏಟಾಗಿದೆ. ಯಾರಿಗೆ ಅಂತ ಗೊತ್ತಿಲ್ಲ. ಗೊತ್ತಾದ ಕೂಡಲೇ ಹೇಳ್ತೀನಿ. ಈಗ ಬಾಯಲ್ಲಿರೋದನ್ನ ಅಗಿದು ನುಂಗಿ” ಎಂದೆ. ನುಂಗಿದರು.

ಕೆಂಪಮ್ಮ ಅರ್ಧ ಎದ್ದಿದ್ದಳು. ರೊಟ್ಟಿಯ ಚೂರು ಕೈಯಲ್ಲೇ ಇತ್ತು. ನಾಗರತ್ನ ಡಬ್ಬಿಯ ಮುಚ್ಚಳವನ್ನು ತಿರುಗಿ ಇಟ್ಟು ಒತ್ತಿದಳು. ಆ ಸದ್ದಿಗೆ ಕೆಂಪಮ್ಮ ಮಗಳ ಕಡೆ ತಿರುಗಿದಳು. ಗೇಟಿನ ಕಡೆ ಒಂದು ಸಲ ನೋಡಿದಳು, ಮುಚ್ಚಳದ ಮೇಲಿದ್ದ ಪುಟ್ಟ ಕೈಯನ್ನು ಒಂದು ಸಲ ನೋಡಿದಳು. ಕೂತಳು.

“ನಂಗೆ ಹೆದ್ರಿಕೆ ಆಗ್ತೈತೆ ಕಣೇ ರತ್ನ” ಎಂದಳು. “ನಿಂಗೂ ಆಗ್ತೈತಲ್ಲ? ಆಗ್ಲಿ. ಅಪ್ಪಂಗೆ ಏನಾಗೈತೋ ನಂಗೂ ಗೊತ್ತಿಲ್ಲ. ಹೋಗಿ ನೋಡ್ಕಂಡು ಬಂದು ನಿಂಗೇ ಮೊದ್ಲು ಹೇಳ್ತೀನಿ. ಆದ್ರೆ ಇದನ್ನ ಉಂಡು ಹೋಗ್ತೀನಿ. ನೀನೂ ಉಣ್ಣು.”

ಚೂರನ್ನು ಬಾಯಿಗೆ ಹಾಕಿಕೊಂಡಳು. ಅಗಿಯುವಾಗ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ, ಮುಚ್ಚಿಕೊಳ್ಳಲೂ ಇಲ್ಲ. ನೀರು ಕುಡಿದು ನುಂಗಿದಳು. ಇನ್ನೊಂದು ಚೂರು. ಇನ್ನೊಂದು. ಒಂದು ರೊಟ್ಟಿ ಪೂರ್ತಿ ತಿಂದಳು. ನಾನು ಐನೂರು ಜನರ ಮದುವೆ ಊಟಕ್ಕೆ ಬಡಿಸಿದವಳು. ಆದರೂ ಒಬ್ಬರು ಉಣ್ಣುವುದನ್ನು ಉಸಿರು ಬಿಗಿಹಿಡಿದು ನೋಡಿದ್ದು ಅದೊಂದೇ ಸಲ. ಕೈ ತೊಳೆದು, ಸೆರಗು ಸಿಕ್ಕಿಸಿಕೊಂಡು, ಮೆಟ್ಟಿಲಿಳಿದು ಹೋದಳು. ಬೇಲಿ ತಿರುಗುವವರೆಗೂ ನಡೆದೇ ಹೋದಳು. ತಿರುವಿನ ಆಚೆ ಓಡಿದಳೋ ಏನೋ. ಓಡಿದ್ದರೆ ಅದು ಅವಳ ಹಕ್ಕು.

ಮಗಳು ಶಾಲೆಯಲ್ಲಿರುವಾಗ ತಾಯಿ ಹತ್ತಿರ ಇಲ್ಲದೆ ಹೋದದ್ದು ಜೂನ್ ತಿಂಗಳಿಂದ ಅದೇ ಮೊದಲ ಸಲ. ನಾಗರತ್ನ ಏಳಲಿಲ್ಲ. “ಅಪ್ಪ ಬರ್ತಾರಾ ಮೇಷ್ಟ್ರಮ್ಮ?” ಎಂದಳು.

ಬರ್ತಾರೆ ಎನ್ನುವುದು ಸುಲಭವಾಗಿತ್ತು. “ನಂಗೆ ಗೊತ್ತಿಲ್ಲ ಪುಟ್ಟಾ. ನಿಮ್ಮಮ್ಮ ಬಂದು ಹೇಳ್ತಾರೆ. ಅಲ್ಲೀವರೆಗೂ ನಾನ್ ಇಲ್ಲೇ ಇರ್ತೀನಿ” ಎಂದೆ.

ಅವಳು ಮುಚ್ಚಳ ತೆಗೆದು ರಸ್ತೆ ನೋಡುತ್ತ ಅರ್ಧ ರೊಟ್ಟಿ ತಿಂದಳು. ಉಳಿದರ್ಧ ಹಾಗೇ ಉಳಿಯಿತು. ಒತ್ತಾಯ ಮಾಡಲಿಲ್ಲ. ಎರಡಕ್ಕೆ ಕಾರ್ಖಾನೆ ಎಂದಿನಂತೆ ಉದ್ದಕ್ಕೆ ಕೂಗಿತು. ನಾನು ಗಂಟೆ ಹೊಡೆದು ಮಕ್ಕಳನ್ನು ಒಳಗೆ ಕರೆದು ಬೋರ್ಡಿನ ಮೇಲೆ ಅಕ್ಷರ ಬರೆದೆ. ಸ್ಲೇಟಿನ ಮೇಲೆ ಅವಳ ಅಕ್ಷರ ಸೊಟ್ಟಗಿತ್ತು. ಆದರೆ ಬರೆದಿದ್ದಳು.

ಕೆಂಪಮ್ಮ ಬಾಗಿಲಿಗೆ ಬಂದಾಗ ಏದುಸಿರು ಬಿಡುತ್ತಿದ್ದಳು. ಮಾತು ಕೊಟ್ಟಿದ್ದಂತೆ ಮೊದಲು ಮಗಳಿಗೇ ಹೇಳಿದಳು: “ಅಪ್ಪ ಬೇಲಿ ಹತ್ರ ನಿಂತವ್ರೆ ನೋಡು. ಅವರಿಗೆ ಏನೂ ಆಗಿಲ್ಲ.” ನಾಗರತ್ನ ಕಿಟಕಿಯಿಂದ ನೋಡಿ, ಕೈ ಬೀಸಿ, ಬಂದು ಕೂತಳು. ಆಮೇಲೆ ಕೆಂಪಮ್ಮ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. ಏಟು ಬಿದ್ದದ್ದು ಸೆಲ್ವಿಯ ಅಪ್ಪನಿಗೆ. ಕಂಬಿಯ ಮೇಲೆ ನೂಕುವ ಗಾಡಿ ಪಾದದ ಮೇಲೆ ಮಗುಚಿಕೊಂಡಿತ್ತು. ಆಸ್ಪತ್ರೆಗೆ ಸೇರಿಸಿದ್ದರು, ಸೆಲ್ವಿಯ ತಾಯಿ ಜೊತೆಗೆ ಹೋಗಿದ್ದಳು.

ಅಷ್ಟರಲ್ಲಿ ಬಂದ ಹೆಡ್‌ಮೇಷ್ಟ್ರು ವಿಷಯ ಕೇಳಿ, “ಮಗುವಿಗೆ ಏನೂ ಹೇಳ್ಬೇಡಿ. ಸಂಜೆ ಅವರ ಮನೆಯವರೇ ಹೇಳ್ಕೊಳ್ಳಲಿ” ಎಂದರು. ಅವರ ಮಾತಿನಲ್ಲಿದ್ದದ್ದು ಕರುಣೆಯೇ. ಆದರೆ ಸೆಲ್ವಿ ಸ್ಲೇಟು ಬಿಟ್ಟು ನಮ್ಮ ಮೂವರ ಮುಖಗಳನ್ನು ಒಂದಾದ ಮೇಲೆ ಒಂದು ನೋಡುತ್ತಿದ್ದಳು.

“ಸಾರ್, ಏನೋ ಆಗಿದೆ ಅಂತ ಅವಳಿಗೆ ಗೊತ್ತಾಗೋಗಿದೆ. ಏನು ಅಂತ ಹೇಳದಿದ್ರೆ ಇದಕ್ಕಿಂತ ದೊಡ್ಡದನ್ನ ತಾನೇ ಕಟ್ಕೋತಾಳೆ” ಎಂದೆ.

ಅವರು ಸೆಲ್ವಿಯ ಕಡೆ ನೋಡಿದರು. “ಹಾಗಾದ್ರೆ ನೀವೇ ಹೇಳಿ” ಎಂದು ಪಕ್ಕಕ್ಕೆ ನಿಂತರು.

ಹೇಳಿದೆ. ಸೆಲ್ವಿ ದೊಡ್ಡ ದನಿಯಲ್ಲಿ ಅತ್ತಳು. ಕೆಂಪಮ್ಮ ಅವಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಸುಮ್ಮನಿರು ಎನ್ನದೆ, ಅಳುವವರೆಗೂ ಅಳಲು ಬಿಟ್ಟಳು. ಬಿಕ್ಕುತ್ತ ಸೆಲ್ವಿ ಕೇಳಿದಳು: “ಕಾಲು ಇದ್ಯಾ?”

“ಐತೆ. ನಾನು ಕಣ್ಣಾರೆ ನೋಡ್ದೆ. ಬಟ್ಟೆ ಸುತ್ತವ್ರೆ. ನೋವಿದೆ. ಮಾತಾಡ್ತಿದ್ರು, ನಿನ್ನ ಹೆಸರು ಹಿಡಿದು ಕೇಳಿದ್ರು.”

ಅಷ್ಟು ಸಾಕಾಯಿತು. ಸ್ವಲ್ಪ ಹೊತ್ತಿಗೆ ಸೆಲ್ವಿ ಇಳಿದು ಹೋಗಿ ಕೂತಳು.

ಒಂದು ದಿನದಲ್ಲಿ ಎಲ್ಲವೂ ನೆಟ್ಟಗಾಯಿತೆಂದು ಬರೆದು ಹೊಸಬರಿಗೆ ಮೋಸ ಮಾಡುವುದಿಲ್ಲ. ಮುಂದೆಯೂ ಕೆಲವು ಸಲ ನಾಗರತ್ನ ಡಬ್ಬಿ ಮುಚ್ಚಿಟ್ಟದ್ದುಂಟು. ಆದರೆ ಆ ದಿನದ ಮಟ್ಟಿಗೆ ನಿಶ್ಚಯವಾದದ್ದನ್ನು ಹೇಳುತ್ತೇನೆ.

ನಾಲ್ಕೂವರೆಗೆ ಶಾಲೆ ಬಿಟ್ಟಿತು. ತಿಮ್ಮಪ್ಪ ಬೇಲಿಯ ಹತ್ತಿರ ಕಾಯುತ್ತಿದ್ದ. ಇನ್ನೂ ಮುಖ ತೊಳೆದಿರಲಿಲ್ಲ, ಹಣೆಯ ಮೇಲೆ ಮಸಿಯಿತ್ತು. ಕೆಂಪಮ್ಮ ಒಂದು ಕೈಯಲ್ಲಿ ಸೆಲ್ವಿಯನ್ನು, ಇನ್ನೊಂದರಲ್ಲಿ ನಾಗರತ್ನಳನ್ನು ಹಿಡಿದು ಮೆಟ್ಟಿಲಿಳಿದಳು. ಸೆಲ್ವಿಯ ತಾಯಿ ಬರುವವರೆಗೆ ಮಗು ತನ್ನ ಮನೆಯಲ್ಲಿರಲಿ ಎಂದು ಅವಳೇ ಹೇಳಿದ್ದಳು.

ತಿಮ್ಮಪ್ಪ ಕೇಳಿದ: “ನಾಳೆ ಬೆಳಿಗ್ಗೆ ಊರಿಗೆ ಹೊರಡೋದಾ ಹೆಂಗೆ? ಇವತ್ತಿನ ಕೂಗು ಕೇಳಿದ ಮೇಲೂ ಇಲ್ಲೇ ಇರ್ತೀಯಾ?”

“ಊರಿಗೆ ಯಾಕೆ?” ಎಂದಳು ಕೆಂಪಮ್ಮ. “ನಾಳೆ ಇವಳಿಗೆ ಅರ್ಧ ದಿನ ಸ್ಕೂಲೈತೆ.”

“ನೀನೂ ಬಂದು ಕೂರ್ತೀಯೇನು?”

“ನಾನ್ಯಾಕೆ ಬರ್ಲಿ? ಮನೇಲಿ ರಾಗಿ ಬೀಸೋದು ಬಿದ್ದೈತೆ.” ಎರಡು ಹೆಜ್ಜೆ ಹೋಗಿ ತಿರುಗಿ ಗಂಡನಿಗೆ ಹೇಳಿದಳು: “ಅಂದಂಗೆ, ನಾನು ಉಂಡಿದೀನಿ. ನೀವು ಉಣ್ಣೋರಿದ್ರೆ ಉಣ್ಣಿ.”

ತಿಮ್ಮಪ್ಪ ನನ್ನ ಕಡೆ ನೋಡಿ ಕೈ ಮುಗಿದ. ಅವರು ಹೋದರು.

ನಾನು ಒಳಗೆ ಬಂದೆ. ನಾಗರತ್ನ ಕೂರುವ ಮಣೆ ಬಾಗಿಲಿಗೆ ತಾಗಿಕೊಂಡಿತ್ತು, ತಾಯಿ ಕಾಣಲಿ ಎಂದು. ಅದನ್ನು ಎತ್ತಿ ಎರಡನೆಯ ಸಾಲಿಗೆ ಒಯ್ದು ಸೆಲ್ವಿಯ ಮಣೆಯ ಪಕ್ಕದಲ್ಲಿ ಇಟ್ಟೆ. ಸಾಲು ನೇರವಾಗಿದೆಯೇ ನೋಡಿಕೊಂಡು, ಬಾಗಿಲಿಗೆ ಬೀಗ ಹಾಕಿದೆ.